ಬೀಗರಿಗೆ ಪಗಾರ

ಎಂ.ಎ., ಬಿ.ಎಡ್. ಮುಗಿಸಿ ಜೇವರ್ಗಿ ತಾಲೂಕಿನ ಒಂದು ಸರ್ಕಾರಿ ಸಾಲಿಗೆ ನಾ ಅತಿಥಿ ಶಿಕ್ಷಕಿ ಆದೆ. ಕನ್ನಡ ಕಲಸಾಕ ಕರದಿದ್ರು. ಸಮಾಜದ ಮಾಸ್ತರು ರಿಟೈರ್ ಆದ ಮ್ಯಾಲ ಸಮಾಜನೂ ನನಗೇ ಬಂತು. ಮಳಿಗಾಲಕ್ಕ ಕರೀತಾರ, ಬ್ಯಾಸಿಗಿ ಬಂತಂದ್ರ ಕಳಸ್ತಾರ. ಮತ್ತ ಕರದ್ರ ಕರದ್ರು, ಇಲ್ಲಂದ್ರ ಇಲ್ಲ. ಪಗಾರ ಬರ್ತದ, ಬರಂಗಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ದುಡಿದ ತಿಂಗಳು ಬ್ಯಾರೆ, ಬರೋ ತಿಂಗಳು ಬ್ಯಾರೆ, ಅಷ್ಟೇ.

ನಿಂಬರ್ಗಾದ ನಮ್ಮ ಮನ್ಯಾಗ ಇದನ್ನ ಎಲ್ಲಾರಿಗೂ ತಿಳಿಸಿ ಹೇಳೂದಾತು. ಕಡೀಕ ಉಳದಾಕಿ ಆಯಿ, ನಮ್ಮಪ್ಪನ ಅವ್ವ. "ಅತಿಥಿ ಅಂದ್ರ ಏನಬೇ?" ಅಂದ್ಲು. "ಬೀಗರು ಇದ್ದಂಗ ಆಯಿ" ಅಂದೆ. ನಮ್ಮ ಕಡೆ ಹೆಣ್ಣು ಕೊಟ್ಟವರೂ ಬೀಗರು, ತಂದವರೂ ಬೀಗರು, ಸುಮ್ಮನ ಎರಡು ದಿನ ಉಂಡು ಹೋಗಾಕ ಬಂದವರೂ ಬೀಗರು. ಒಂದ ಶಬ್ದದಾಗ ಇಷ್ಟು ಮಂದಿನ್ನ ತುಂಬಿಟ್ಟಾರ ಅನ್ನೂದು ಕನ್ನಡ ಎಂ.ಎ. ಮಾಡಿದ ನನಗ ಆವಾಗ ಹೊಳೀಲಿಲ್ಲ.

"ಬೀಗರ ಕಡಿಂದ ದುಡಿಸಿಕೊಳ್ತಾರೇನು? ಎಂಥಾ ಸಾಲಿಯಬೇ ಅದು" ಅಂತ ಆಯಿ ಮಾರಿ ತಿರುವಿದ್ಲು.

ನನ್ನ ನೌಕರಿ ಬರೀ ನಂದಾಗಿದ್ರ ಇಷ್ಟು ತ್ರಾಸ ಇರಲಿಲ್ಲ. ತಂಗಿ ಪಿಯುಸಿ ಪಾಸಾಗಿ ಆಳಂದದಾಗ ಬಿ.ಎಸ್ಸಿ. ಮಾಡ್ತೇನಿ ಅಂತ ಕುಂತಿದ್ಲು. ಅಪ್ಪ, "ದೊಡ್ಡಾಕಿದು ಏನಾಗ್ತದ ನೋಡಿ ಸಣ್ಣಾಕಿದು ವಿಚಾರ ಮಾಡೂಣು" ಅಂದಿದ್ದ. ಹೊಸಾ ಬೀಜ ತಂದವರು ಒಂದು ಸಾಲು ಹಾಕಿ ನೋಡಿ, ಆಮ್ಯಾಲ ಹೊಲಕ್ಕ ಹಾಕ್ತಾರಲ್ಲ, ಹಂಗ. ಆ ಒಂದು ಸಾಲು ನಾ. ತಂಗಿ ಫೋನ್ ಮಾಡಿದಾಗೆಲ್ಲ "ಅಕ್ಕಾ, ಪಗಾರ ಬಂತಾ?" ಅಂತಿದ್ಲು. ನನಗ ಸಿಟ್ಟು ಬರ್ತಿತ್ತು. ಅಕಿ ಕೇಳಾಕತ್ತಿದ್ದು ತನ್ನ ಕಾಲೇಜು ಅಂತ ಗೊತ್ತಿತ್ತು, ಅದಕ್ಕ ಇನ್ನೂ ಸಿಟ್ಟು ಬರ್ತಿತ್ತು.

ಬ್ಯಾಸಿಗ್ಯಾಗ ಸಾಲಿಯವರು ಕಳಿಸಿದ್ರು, ಮನಿಗೆ ಬಂದೆ. ಡಿಗ್ರಿಯಿಂದ ಪರ್ಮನೆಂಟ್ ನೌಕರಿ ಸಿಗದಿದ್ರ ಏನಾತು, ಒಳ್ಳೇ ವರ ಆದ್ರೂ ಸಿಗಲಿ ಅಂತ ಅಪ್ಪ ಅಫಜಲಪುರ ಕಡೆ ಅತನೂರಿಂದ ಒಂದು ಮನಿಯವರನ್ನ ಕನ್ಯಾ ನೋಡಾಕ ಕರೆಸಿದ. ಹುಡುಗ ಕಾಲೇಜ್ ಲೆಕ್ಚರರ್ ಅಂತ ನಡುವಿನವರು ಹೇಳಿದ್ರು. ಹುಡುಗ, ಅವರಪ್ಪ, ಸೋದರಮಾವ, ಮೂರು ಮಂದಿ ಬಂದ್ರು. ಚುರಮುರಿ ಸುಸಲಾ ತಿನ್ನಾಕ ಕೊಟ್ವಿ. ನಾ ಸೀರಿ ಉಟ್ಟು ತಲಿ ಬಗ್ಗಿಸಿ ಕುಂತೆ. ತರಗತ್ಯಾಗ ಮಕ್ಕಳಿಗೆ ತಲಿ ಎತ್ತಿ ಮಾತಾಡ್ರಿ ಅಂತ ಹೇಳಾಕಿ ನಾ.

"ಹುಡುಗಿ ಏನು ಮಾಡ್ತಾಳ್ರಿ?" ಅಂತ ಹುಡುಗನ ಅಪ್ಪ ಆಯಿನ್ನ ಕೇಳಿದ್ರು.

ಆಯಿ ಭಾಳ ಅಭಿಮಾನದಿಂದ, "ಅಕಿ ಜೇವರ್ಗಿ ಕಡೆ ಬೀಗರಾಗ್ಯಾಳ್ರಿ. ಹ್ವಾದ ವರ್ಷನ ಆಗ್ಯಾಳ" ಅಂದ್ಲು.

ಅವರು ಬಾಯಾಗಿನ ತುತ್ತು ನುಂಗಲಿಲ್ಲ, ಉಗುಳಲೂ ಇಲ್ಲ. "ಮತ್ತ ನಮ್ಮನ್ನ ಯಾಕ ಕರೆಸೀರಿ?"

"ಬ್ಯಾಸಿಗ್ಯಾಗ ತವರಿಗೆ ಕಳಸ್ತಾರ್ರಿ" ಅಂತ ಆಯಿ ಇನ್ನೂ ಬಿಡಿಸಿ ಹೇಳಿದ್ಲು. "ಮಳಿ ಬಿದ್ದ ಮ್ಯಾಲ ತಿರುಗಿ ಕರಕೊಳ್ತಾರ."

ಸೋದರಮಾವ ಆಗಲೇ ಎದ್ದು ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡಿದ್ದ. ಅಪ್ಪ ಕೈ ಮುಗದು ನಿಂತ. ಕನ್ಯಾ ಮಾತಾಡಬಾರದು ಅಂತಾರ, ಖರೇ. ಆದ್ರ ಯಾರಾದ್ರೂ ಮಾತಾಡಲೇಬೇಕಾಗಿತ್ತು. "ಅತಿಥಿ ಶಿಕ್ಷಕಿ ರೀ. ಗೆಸ್ಟ್. ಲಗ್ನ ಆಗಿಲ್ಲ" ಅಂದೆ.

ಹುಡುಗ ಒಬ್ಬನೇ ನಕ್ಕ. "ನಾನೂ ಗೆಸ್ಟೇ ರೀ" ಅಂದ. ಅಫಜಲಪುರದ ಒಂದು ಕಾಲೇಜಿನಾಗ ಅತಿಥಿ ಉಪನ್ಯಾಸಕ. ಈ ಮಾತು ನಮಗ ಯಾರೂ ಹೇಳಿರಲಿಲ್ಲ. ಅವರಪ್ಪ ಮಗನ್ನ ಹೊರಗ ದಬ್ಬೋಹಂಗ ನೋಡಿದ್ರು.

ಮಾವ ಚಪ್ಪಲಿ ಬಿಟ್ಟು ತಿರುಗಿ ಕುಂತ. ಎಲ್ಲಾರೂ ಚಾ ಕುಡದ್ವಿ. ಆಯಿ ಮಾತ್ರ ಬಟ್ಟಲಾ ಹಿಡ್ಕೊಂಡು ವಿಚಾರ ಮಾಡಿ ಕೇಳಿದ್ಲು: "ಇಬ್ಬರೂ ಬೀಗರಾದ್ರ ಮನಿಯವರು ಯಾರು?"

ಬಂದವರು ಎದ್ದು ಚಪ್ಪಲಿ ಹಾಕ್ಕೊಂಡ್ರು. "ತಿಳಸ್ತೇವ್ರಿ" ಅಂತ ಹೇಳಿ ಹ್ವಾದ್ರು. ಇನ್ನೂ ತಿಳಿಸಿಲ್ಲ.

ಅವರು ಹ್ವಾದ ಮ್ಯಾಲ ಅಪ್ಪ ತಂಗಿ ಕಡೆ ನೋಡಿದ. ಅಕಿ ಬಾಗಿಲ ಬಾಜೂಕ ಕುಂತು ಸುಸಲಾ ಕಲಸಿದ ಸ್ಟೀಲ್ ಬುಟ್ಟಿ ತಿಕ್ಕಾಕತ್ತಿದ್ಲು. "ಕೇಳಿದ್ಯಲ್ಲ" ಅಂದ. "ಇಬ್ಬರು ಓದಿದವರು, ಇಬ್ಬರೂ ಬೀಗರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಹಿರ್ಯಾರು ಸುಮ್ಮನ ಹೇಳಿಲ್ಲ. ನೀ ಮನ್ಯಾಗ ಇರು." ತಂಗಿ ತಿಕ್ಕಿದಲ್ಲೇ ತಿಕ್ಕಿದ್ಲು.

ಡಿಗ್ರಿಯಿಂದ ಭಾಳ ಏನೂ ಸಿಕ್ಕಿಲ್ಲ, ಅದು ನನಗ ಗೊತ್ತದ, ಅಪ್ಪಗೂ ಗೊತ್ತದ. ಆದ್ರ ಅದಕ್ಕ ತಂಗಿನ್ನ ಮನ್ಯಾಗ ಕುಂದ್ರಿಸೋ ಅಪ್ಪನ ಲೆಕ್ಕ ತಪ್ಪಿತ್ತು.

"ಅಪ್ಪಾ," ಅಂದೆ, "ನಾ ಹುಟ್ಟಿದಾಗಿಂದ ಎಲ್ಲಾರೂ ಏನಂತೀರಿ? ಇಕಿ ಕೊಟ್ಟ ಮನಿಗೆ ಹೋಗಾಕಿ ಅಂತೀರಿ. ಅಂದ್ರ ಈ ಮನ್ಯಾಗೂ ನಾ ಬೀಗರೇ. ಇಲ್ಲಿ ಬೀಗರಾಗಾಕ ಯಾರೂ ಡಿಗ್ರಿ ಕೇಳಲಿಲ್ಲ. ಸಾಲ್ಯಾಗ ಕೇಳಿದ್ರು. ಅದಕ್ಕ ಅಲ್ಲಿ ಬೀಗರಿಗೆ ಪಗಾರ ಅದ. ತಡಾ ಬರ್ತದ, ಬರ್ತದ."

ಆಯಿ ಬಟ್ಟಲಾ ಕೆಳಗ ಇಟ್ಟಳು.

"ನಿಮ್ಮಪ್ಪನ ಮನ್ಯಾಗ ನಾ ಬೀಗರಾಗಿದ್ದೆ" ಅಂತ ನನಗ ಅಲ್ಲ, ತನ್ನ ಮಗಗ ಹೇಳಿದ್ಲು. "ಹುಟ್ಟಿದ ಮನ್ಯಾಗೂ ಬೀಗರಾಗಿದ್ದೆ. ನನಗ ಎಂಬತ್ತು ದಾಟ್ಯಾವ. ಒಬ್ಬರೂ ಪಗಾರ ಕೊಟ್ಟಿಲ್ಲ."

ಬುಟ್ಟಿ ತಿಕ್ಕೋ ಸಪ್ಪಳ ನಿಂತಿತ್ತು. ಅಪ್ಪ ತಂಗಿ ಮಾರಿ ನೋಡದ, ನಾಳೆ ಆಳಂದಕ್ಕ ಮೊದಲನೇ ಬಸ್ಸು ಎಷ್ಟಕ್ಕ ಅದ ಅಂತ ಕೇಳಿದ.