ನಮ್ಮ ಸಾರ್ ಫೇಲಾದ ಪ್ರಶ್ನೆ

ಮದುವೆಯಾದ ಮೇಲೆ ನನಗೆ ಕಂಡರಾಗದೆ ಹೋದದ್ದು ಭಾನುವಾರದ ಸಂಜೆ. ನನ್ನ ಕೆಲಸ ಕೊಚ್ಚಿಯಲ್ಲಿ, ಗಂಡನದ್ದು ತಿರುವನಂತಪುರದ ಐಟಿ ಪಾರ್ಕಿನಲ್ಲಿ. ಶುಕ್ರವಾರ ರೈಲಿನಲ್ಲಿ ನಿಂತುಕೊಂಡೇ ಹೋದರೂ ಹಬ್ಬ. ಭಾನುವಾರ ವಾಪಸು ಬರುವಾಗ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಹೊರಗೆ ನೋಡುವ ಮನಸ್ಸಾಗುತ್ತಿರಲಿಲ್ಲ. ಅವನು ನನ್ನ ಬಾಟಲಿಗೆ ಬಿಸಿನೀರು ತುಂಬಿಸಿ ಬಾಗಿಲ ಬಳಿ ಇಟ್ಟನೆಂದರೆ ಹೊರಡುವ ಹೊತ್ತಾಯಿತು ಎಂದರ್ಥ. ಇಬ್ಬರೂ ಕಾಸರಗೋಡು ಕಡೆಯವರು. ವಾರವಿಡೀ ಮಲಯಾಳ, ಇಂಗ್ಲಿಷು ಆಡಿ ಸುಸ್ತಾದ ನಾಲಿಗೆಗೆ ಆ ಎರಡು ದಿನ ಕನ್ನಡ ಹರಟಿ ಬಿಡುವೇ ಇರಲಿಲ್ಲ.

ನಮ್ಮ ಕಂಪನಿಯದ್ದು ಪಾಠ ತಯಾರಿಸುವ ಕೆಲಸ. ಬೇರೆ ಕಂಪನಿಗಳ ನೌಕರರು ಕಂಪ್ಯೂಟರಿನ ಮುಂದೆ ಕುಳಿತು, ಕ್ಲಿಕ್ ಮಾಡುತ್ತಾ, ಆಕಳಿಸುತ್ತಾ ಕಲಿಯುವ ಪಾಠಗಳು. ಬೆಂಕಿ ಬಿದ್ದರೆ ಎಲ್ಲಿಗೆ ಓಡಬೇಕು, ಪಾಸ್‌ವರ್ಡನ್ನು ಯಾಕೆ ಯಾರಿಗೂ ಹೇಳಬಾರದು, ಇಂಥವು. ಬರೆಯುವವಳು ನಾನು. ಇದೇ ಕೆಲಸದ ಇನ್ನೊಂದು ಕಂಪನಿ ತಿರುವನಂತಪುರದಲ್ಲಿತ್ತು, ಅದೂ ಗಂಡನ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಒಂದು ಜಾಗ ಖಾಲಿಯಿದೆ ಎಂದು ತಿಳಿದದ್ದೇ ತಡ, ನಾನು ಅರ್ಜಿ ಹಾಕುವ ಮೊದಲೇ ಅಲ್ಲಿನ ಮನೆಯ ಕಿಟಕಿಗೆ ಪರದೆ ಆರಿಸತೊಡಗಿದೆ.

ಆಗ ನನ್ನ ಕೈಯಲ್ಲಿದ್ದದ್ದು ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಹಡಗು ಏಜೆನ್ಸಿಯೊಂದಕ್ಕೆ ಬರೆಯುತ್ತಿದ್ದ ಪಾಠ, ಸ್ಪರ್ಧಾ ಕಾಯ್ದೆಯ ಕುರಿತು. ಒಂದೇ ವ್ಯಾಪಾರದವರು ಒಳಗೊಳಗೇ ಮಾತಾಡಿಕೊಂಡು ದರ ನಿಗದಿ ಮಾಡಬಾರದು, ಗಿರಾಕಿಗಳನ್ನು ನಿನಗಿಷ್ಟು ನನಗಿಷ್ಟು ಎಂದು ಹಂಚಿಕೊಳ್ಳಬಾರದು ಇತ್ಯಾದಿ. ಒಣ ವಿಷಯ ಎಂದುಕೊಂಡೇ ಶುರುಮಾಡಿದವಳಿಗೆ ಅದರ ಹುಚ್ಚು ಹತ್ತಿಬಿಟ್ಟಿತು. ಮಾರ್ಕೆಟ್ಟಿನಲ್ಲಿ ಇಬ್ಬರು ಮೀನಿನವರು ಬೂತಾಯಿಗೆ ಒಂದೇ ದರ ಹೇಳಿದರೆ ಸಾಕು, ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಆಟೋ ಸ್ಟ್ಯಾಂಡಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ಕಿವಿ ನೆಟ್ಟಗಾಗುತ್ತಿತ್ತು.

ತಿರುವನಂತಪುರದ ಸಂದರ್ಶನ ಬಹಳ ಚೆನ್ನಾಗಿ ಆಯಿತು. ಪ್ರಶ್ನೆ ಕೇಳಿದವರು ಕೈಕುಲುಕಿ ಎದ್ದು ಹೋದ ಮೇಲೆ ಅಲ್ಲಿ ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುವ ಎಚ್‌ಆರ್ ಹೆಂಗಸು ಬಂದು ನನ್ನ ಅರ್ಜಿ ತಿರುವಿದರು. ನಮ್ಮ ಕಂಪನಿಯ ಹೆಸರು ಕಂಡದ್ದೇ ಅವರ ಮುಖ ಸಣ್ಣದಾಯಿತು.

"ನಿಮ್ಮ ಸಾರೂ ನಮ್ಮ ಸಾರೂ ಹಳೇ ದೋಸ್ತಿಗಳು. ಅವರೊಳಗೆ ಒಂದು ಮಾತು ಉಂಟು. ಇಲ್ಲಿಯವರನ್ನು ಅವರು ತಗೊಳ್ಳುದಿಲ್ಲ, ಅಲ್ಲಿಯವರನ್ನು ನಾವು ತಗೊಳ್ಳುದಿಲ್ಲ."

ಅಳು ಬರಬೇಕಾಗಿತ್ತು, ಬಂದದ್ದು ನಗು. ಹಿಂದಿನ ವಾರವಷ್ಟೇ ಪಾಠದಲ್ಲಿ ಬರೆದಿದ್ದೆ: ಒಬ್ಬರ ನೌಕರರನ್ನು ಇನ್ನೊಬ್ಬರು ತೆಗೆದುಕೊಳ್ಳುವುದಿಲ್ಲ ಎಂದು ಪ್ರತಿಸ್ಪರ್ಧಿಗಳು ಮಾತಾಡಿಕೊಳ್ಳುವುದೂ ಕಾಯ್ದೆಯ ಕೈಗೆ ಸಿಕ್ಕಿಬೀಳುವಂಥದ್ದೇ. ಕೆಳಗೆ ಚಹಾದ ಅಂಗಡಿಯಲ್ಲಿ ಗಂಡ ಕಾಯುತ್ತಿದ್ದ.

"ಸಿಕ್ಕಿತಾ ಕೆಲಸ?"

"ಇಲ್ಲ ಮಾರಾಯ."

"ಮತ್ತೆ ನಗಾಡುದು ಎಂತಕ್ಕೆ?"

ಹೇಳಿದೆ. ಅವನು ನಗಲಿಲ್ಲ. "ದೂರು ಕೊಡುವ," ಎಂದ.

"ದೂರು ಎಲ್ಲ ಬೇಡ. ಬುಧವಾರ ನಮ್ಮ ಸಾರ್‌ಗೆ ಪರೀಕ್ಷೆ ಉಂಟು."

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ. ಯಾವ ಪಾಠವೇ ಆಗಲಿ, ಗಿರಾಕಿಗೆ ಹೋಗುವ ಮೊದಲು ಮಾಲೀಕರಾದ ಸಾರ್ ಎಲ್ಲರೆದುರು ದೊಡ್ಡ ಪರದೆಯಲ್ಲಿ ಅದನ್ನು ತಾವೇ ಕಲಿತು, ಪ್ರಶ್ನೆಗಳಿಗೆ ಉತ್ತರಿಸಿ ಪಾಸಾಗಬೇಕು. ನನಗೆ ಅರ್ಥವಾದರೆ ಲೋಕಕ್ಕೇ ಅರ್ಥವಾದ ಹಾಗೆ ಎನ್ನುತ್ತಿದ್ದರು. ಎಲ್ಲರನ್ನೂ ಮಗಳು, ಮಗ ಎಂಬಂತೆ ಮೋಳೇ, ಮೋನೇ ಎಂದು ಕರೆಯುವ, ಹೊಟ್ಟೆ ಕುಣಿಸಿ ನಗುವ ಮನುಷ್ಯ. ಅಂಥವರ ಮುಂದೆ ಅವರದೇ ಒಳಮಾತಿನ ಬಗ್ಗೆ ಪ್ರಶ್ನೆ ಇಡಲು ನನಗೆ ಸಂಕಟವೇ ಆಯಿತು. ಇದ್ದ ಕೆಲಸವೂ ಹೋದರೆ ಎರಡೂ ಊರಲ್ಲಿ ಕೆಲಸವಿಲ್ಲದ ಹಾಗಾಗುತ್ತದೆ. ಆದರೂ ಭಾನುವಾರದ ಸಂಜೆಯನ್ನು ನೆನೆಸಿಕೊಂಡು ಬರೆದೇಬಿಟ್ಟೆ.

ಬುಧವಾರ ಸಾರ್ ಬಾಳೆಕಾಯಿ ಚಿಪ್ಸ್ ತಿನ್ನುತ್ತಾ ದರದ ಪ್ರಶ್ನೆಯನ್ನೂ ಟೆಂಡರಿನ ಪ್ರಶ್ನೆಯನ್ನೂ ಸಲೀಸಾಗಿ ದಾಟಿದರು. ಆಮೇಲೆ ಬಂತು ನನ್ನದು. ಒಂದೇ ವ್ಯಾಪಾರದ ಇಬ್ಬರು ಮಾಲೀಕರು ಊಟಕ್ಕೆ ಕೂತಾಗ, ನಿನ್ನ ಜನ ನನಗೆ ಬೇಡ, ನನ್ನ ಜನ ನಿನಗೆ ಬೇಡ ಎಂದು ಮಾತಾಡಿಕೊಳ್ಳುತ್ತಾರೆ. ಇದು ಏನು? ಸ್ನೇಹ, ಮರ್ಯಾದೆ, ವ್ಯಾಪಾರದ ಜಾಣತನ, ಕಾಯ್ದೆಗೆ ವಿರುದ್ಧ.

ಸಾರ್ 'ಮರ್ಯಾದೆ'ಯನ್ನು ಒತ್ತಿದರು. ಪರದೆ ಕೆಂಪಾಯಿತು. 'ಸ್ನೇಹ' ಒತ್ತಿದರು, ಮತ್ತೆ ಕೆಂಪು. ಚಿಪ್ಸ್ ಕೈಯಲ್ಲೇ ಉಳಿಯಿತು.

"ಮೋಳೇ, ಇದರಲ್ಲಿ ತಪ್ಪೆಂತ?" ಎಂದರು ಮೆಲ್ಲಗೆ. "ಅವರು ಎಲ್ಲಿಯೂ ಬರೆದು ಸಹಿ ಹಾಕಲಿಲ್ಲವಲ್ಲ?"

"ಮುಂದಿನ ಸ್ಕ್ರೀನ್ ನೋಡಿ ಸಾರ್," ಎಂದೆ.

ಮುಂದಿನ ಸ್ಕ್ರೀನಿನಲ್ಲಿ ಇದ್ದದ್ದು ಇಷ್ಟೇ: ಬರೆಯದಿದ್ದರೂ ಅದು ಒಪ್ಪಂದವೇ. ಊಟದ ಮಧ್ಯೆ ತಲೆಯಾಡಿಸಿದರೂ ಸಾಕು.

ಸಾರ್ ಅದನ್ನು ಓದಿದರು. ನನ್ನನ್ನು ನೋಡಿದರು. "ನೀನು ಅಲ್ಲಿಗೆ ಹೋಗಿದ್ದಿಯಾ?"

"ಹೋಗಿದ್ದೆ ಸಾರ್."

"ಇಲ್ಲಿ ನಿನಗೆ ಎಂತ ಕಡಿಮೆಯಾಗಿದೆ?"

"ಗಂಡ, ಸಾರ್."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಕಡೆಗೆ ಸಾರ್ ಹೊಟ್ಟೆಯೂ ಕುಣಿಯಿತು. ನಗುತ್ತಲೇ ಫೋನೆತ್ತಿ ತಿರುವನಂತಪುರದ ಗೆಳೆಯನಿಗೆ, "ಎಡೋ, ನಾವಿಬ್ಬರೂ ಕಳ್ಳರಂತೆ. ಆ ಮಾತು ಇವತ್ತಿಗೆ ಮುಗಿಯಿತು," ಎಂದರು. ನನಗೆ ಎದ್ದು ಕುಣಿಯಬೇಕೆನಿಸಿತು, ಕುರ್ಚಿ ಹಿಡಿದು ಕೂತೆ.

ಆ ಸುದ್ದಿ ಆಫೀಸಿನಲ್ಲಿ ಹಬ್ಬಿದ್ದೇ ನಮ್ಮವರಿಗೆಲ್ಲ ತಿರುವನಂತಪುರದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಆ ತಿಂಗಳು ಯಾರೂ ಕೇಳದೆಯೇ ಸಾರ್ ಎಲ್ಲರ ಸಂಬಳ ಏರಿಸಿದರು. ಸ್ಪರ್ಧೆಯೆಂದರೆ ಏನೆಂದು ನಾನು ಬರೆದ ಇಡೀ ಪಾಠಕ್ಕಿಂತ ಅದೇ ಚೆನ್ನಾಗಿ ತಿಳಿಸಿತು. ಅಲ್ಲಿಂದ ಕೆಲಸದ ಪತ್ರ ಬಂದಾಗ ನನಗೂ, ಇಲ್ಲೇ ಇದ್ದರೆ ಅವರು ಕೊಡುವುದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದರು. ಬೇಡ ಸಾರ್ ಎಂದೆ. ನಿನ್ನನ್ನು ತಗೊಳ್ಳಬೇಡ ಎಂದು ಅವನಿಗೆ ಹೇಳುವ ಹಾಗೂ ಇಲ್ಲವಲ್ಲ ಮೋಳೇ ಎಂದು ನಿಟ್ಟುಸಿರು ಬಿಟ್ಟು, ಬೀಳ್ಕೊಡುವ ದಿನ ತಾವೇ ಕೇಕು ತಂದರು.

ತಿರುವನಂತಪುರಕ್ಕೆ ಬಂದ ಮೊದಲ ಭಾನುವಾರ ಪರದೆ ಹಾಕುತ್ತಾ ಸ್ಟೂಲಿನ ಮೇಲೆ ನಿಂತಿದ್ದೆ. ಸಂಜೆಯಾಗಿತ್ತು. ತಿರುಗಿ ನೋಡಿದರೆ ಗಂಡ ಅಭ್ಯಾಸಬಲದಿಂದ ನನ್ನ ಬಾಟಲಿಗೆ ಬಿಸಿನೀರು ತುಂಬಿಸಿ ಬಾಗಿಲ ಬಳಿ ಇಡುತ್ತಿದ್ದ. ಇಟ್ಟವನು ಹಾಗೇ ನಿಂತ. ಇಬ್ಬರೂ ಆ ಬಾಟಲಿಯನ್ನೇ ನೋಡಿದೆವು.

"ಎಲ್ಲಿಗೆ ಮಾರಾಯ?" ಎಂದೆ. ಅವನ ಕಣ್ಣು ತುಂಬಿತ್ತು. ಆ ನೀರಿನಲ್ಲೇ ಚಹಾ ಮಾಡಿ ಕುಡಿದೆವು.