ಬದಲಾಯಿಸದೆ ಬಿಟ್ಟ ರೇಡಿಯೇಟರ್

ಅಂಗಳದಲ್ಲಿ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಜಗಳೂರು ಕಡೆಯಿಂದ ಬಂದ ಲಾರಿಯ ಡ್ರೈವರ್ ಒಬ್ಬ ನ್ಯಾಮತಿಯ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ ಕೂಗಿ ಹೇಳಿದ: “ಅಕ್ಕಾರೆ, ಸೊಕ್ಕೆ ಹತ್ರ ನಿಮ್ಮ ಗಾಡಿ ನಿಂತೈತೆ. ಇಂಜಿನ್ ಹಿಡ್ಕಂಡೈತೆ, ತಿರುಗಂಗಿಲ್ಲ. ಅಣ್ಣಾರು ಆರಾಮಾಗವ್ರೆ, ಸಂಜೆ ಬಸ್ಸಿಗೆ ಬರ್ತಾರಂತೆ.”

ಮನುಷ್ಯರಿಗೆ ಏನೂ ಆಗಿಲ್ಲವಲ್ಲ ಎಂದು ಮೊದಲು ಶಿವನಿಗೆ ಕೈ ಮುಗಿದೆ. ಆಮೇಲೆ ದಿನ ಎಣಿಸಿದೆ. ಆ ಇಂಜಿನ್ ಕೂರಿಸಿದ್ದು ಶಿವರಾತ್ರಿ ಆದ ಮೇಲೆ. ಯುಗಾದಿ ಈಗಷ್ಟೇ ಕಳೆದಿತ್ತು.

ನಮ್ಮ ಲಾರಿಯ ಹಳೇ ಇಂಜಿನ್ ಸವೆದು ಹೊಗೆ ಕಾರತೊಡಗಿದಾಗ, ಚನ್ನಗಿರಿಯಲ್ಲಿ ಗುಜರಿಗೆ ಬಿದ್ದಿದ್ದ ಒಂದು ಲಾರಿಯ ಇಂಜಿನ್ ತಂದು ಹೊನ್ನಾಳಿಯ ಮೇಸ್ತ್ರಿ ಹತ್ತಿರ ಹಾಕಿಸಿದ್ದೆವು. ಇದೂ ಕೈಕೊಟ್ಟರೆ ನಮ್ಮ ಯಜಮಾನರು ಸ್ವಂತ ಗಾಡಿ ಮಾರಿ ಇನ್ನೊಬ್ಬರ ಗಾಡಿಗೆ ಡ್ರೈವರಾಗಿ ಹೋಗಬೇಕು ಎಂಬುದು ನಮಗೆಲ್ಲ ಗೊತ್ತಿತ್ತು.

ಇವರಿಗೆ ಬುತ್ತಿ ಕೊಡಲು ನಾನೂ ಅತ್ತೆಯೂ ಮೇಸ್ತ್ರಿಯ ಗ್ಯಾರೇಜಿಗೆ ಹೋದ ದಿನ, ಇಂಜಿನ್ ಇಲ್ಲದ ಲಾರಿ ಬಾಯಿ ತೆರೆದುಕೊಂಡು ನಿಂತಿತ್ತು. ಏನೇನು ಹೊಸದು ಹಾಕಬೇಕೆಂದು ಮಾತು ನಡೆದಿತ್ತು.

“ಕ್ಲಚ್ ಪ್ಲೇಟ್ ಈಗ್ಲೇ ಹಾಕಿಬಿಡ್ರಿ. ಆಮೇಲೆ ಅಂದ್ರೆ ಗೇರ್‌ಬಾಕ್ಸ್ ಇಳಿಸಬೇಕಾಗ್ತದೆ. ಇಂಜಿನ್ ಕೆಳಗಿನ ರಬ್ಬರು, ನೀರಿನ ಪೈಪು ಎಲ್ಲಾ ಹೋಗ್ಯಾವೆ,” ಎಂದರು ಮೇಸ್ತ್ರಿ.

“ನಿಮ್ಮ ಮಾತು ಕೇಳಿದ್ರೆ ಹಾರನ್ ಒಂದೇ ಹಳೇದು ಉಳಿಯೋದು,” ಎಂದು ಇವರು ನಕ್ಕರು.

“ಅದೂ ಸರಿಯಾಗಿ ಕೂಗಾಕಿಲ್ಲ ಬಿಡ್ರಿ.”

ಎಲ್ಲಕ್ಕೂ ಇವರು ಒಪ್ಪಿದರು. ಕೊನೆಗೆ ಮೇಸ್ತ್ರಿ, ಇಂಜಿನ್ ತಂಪಾಗಿಡುವ ರೇಡಿಯೇಟರ್ ತಟ್ಟಿ, “ಇದನ್ನೂ ತೆಗೀರಿ. ಒಳಗೆ ಕಿಟ್ಟ ಕಟ್ಟೈತೆ, ತೊಳೆದು ನೋಡಿದೆ, ನೀರು ಇಳಿಯಂಗಿಲ್ಲ. ಇಂಜಿನ್ ಕಾದು ಕೂತ್ಬಿಡ್ತದೆ,” ಎಂದರು.

ಅತ್ತೆ ಎದ್ದು ನಿಂತರು. ನಮ್ಮ ಮಾವ ಇದ್ದಾಗ ಅಮಾವಾಸ್ಯೆ ಅಮಾವಾಸ್ಯೆಗೆ ಬಾನೆಟ್ ಎತ್ತಿ, ರೇಡಿಯೇಟರಿನ ಹಿತ್ತಾಳೆ ತಲೆಗೆ ವಿಭೂತಿ ಹಚ್ಚುತ್ತಿದ್ದರು. ಅದನ್ನು ಗಾಡಿಯ ಹಣೆ ಎನ್ನುತ್ತಿದ್ದರು. ಅವರು ಹೋದ ಮೇಲೆ ಅತ್ತೆಯೇ ಹಚ್ಚುತ್ತಿದ್ದರು.

“ಪೂಜೆ ಮಾಡಿದ ಹಣೆನ ಗುಜರಿಗೆ ಹಾಕ್ತೀರೇನು?”

“ಗುಜರಿಗ್ಯಾಕವ್ವಾ, ಮನೇಲಿಟ್ಟು ಪೂಜೆ ಮಾಡ್ರಿ.”

“ಗಾಡಿ ಕಾಯೋದು ಗಾಡಿ ಮ್ಯಾಲಿರಬೇಕು. ಮನೇಲಿ ಕೂತು ಏನು ಕಾಯ್ತದೆ?”

ಇವರು ತಾಯಿಯ ಮುಖ ನೋಡಿದರು. “ಅದೊಂದು ಇರ್ಲಿ ಮೇಸ್ತ್ರೀ. ನೀರು ನೋಡ್ಕಂತ ಓಡಿಸ್ತೀನಿ,” ಎಂದರು. ಮೇಸ್ತ್ರಿ ಹಳೇ ರೇಡಿಯೇಟರನ್ನೇ ಮತ್ತೆ ಕೂರಿಸಿದರು.

ಗಾಡಿ ನಿಂತ ಸುದ್ದಿ ಬಂದ ದಿನ ಸಂಜೆ ಇವರು ಬಸ್ಸಿಳಿದು ಬಂದರು. ಬಚ್ಚಲಲ್ಲಿ ಕೈಗೆ ನೀರು ಹಾಕುವಾಗ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು: “ದಾರೀಲಿ ಮೂರು ಕಡೆ ನೀರು ಹೊಯ್ದೆ. ಒಳಗೆ ಇಳೀಲೇ ಇಲ್ಲ ಕಣೇ.”

ಪಡಸಾಲೆಯಲ್ಲಿ ಅತ್ತೆ ಕಾಯುತ್ತಿದ್ದರು. “ಏನಾತಪ್ಪಾ?”

“ಗುಜರಿ ಇಂಜಿನ್ ಅಲ್ಲೇನವ್ವಾ? ಅದರ ಆಯುಷ್ಯ ಅಷ್ಟೇ ಇತ್ತು.”

“ನಂಗೆ ಅದರ ಮ್ಯಾಲೆ ನಂಬಿಕೆ ಇರ್ಲಿಲ್ಲ ಬಿಡು. ನಿಮ್ಮಪ್ಪ ಪೂಜೆ ಮಾಡಿದ್ದಕ್ಕೆ ಏನೂ ಆಗಿಲ್ಲ ತಾನೆ?”

“ಇಲ್ಲವ್ವಾ. ಅದಕ್ಕೇನೂ ಆಗಿಲ್ಲ.”

ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ಅವರು ಬದುಕಿದ್ದ ತನಕ ಇವರು ನಿಜ ಹೇಳಲಿಲ್ಲ. ದೇವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಂಥ ಮಾತಾಡುವ ಗಂಡನನ್ನು ಅವನೇ ಕೊಟ್ಟಿದ್ದಲ್ಲವೇ?

“ಸವಳಂಗದಲ್ಲಿ ಒಬ್ಬರ ಗಾಡಿಗೆ ಡ್ರೈವರ್ ಬೇಕಂತೆ. ನಾಳೆ ಹೋಗಿ ಕೇಳ್ತೀನಿ. ಒಗೆದ ಅಂಗಿ ಐತೇನು?” ಎಂದರು ಇವರು, ನನ್ನ ಕಡೆ ನೋಡದೆ.

ಇರಲಿಲ್ಲ. ಮೈಮೇಲಿನ ಅಂಗಿಯನ್ನೇ ಬಿಚ್ಚಿಸಿಕೊಂಡು, ಎಣ್ಣೆ ಜಿಡ್ಡು ಬಿಡಲೆಂದು ಬಿಸಿನೀರಿಗೆ ಸೋಡಾ ಹಾಕಿ ನೆನೆಸಿದೆ.