ಕುಡಿದವನು ವೀರೇಶ, ಅಮಲೇರಿದ್ದು ನನಗೆ

ಬೇರೆಯವರು ಇಂಥ ಅನುಭವ ಹೇಳಿದಾಗ ನಾನು ನಕ್ಕವನು. ಗಡಿಯಾಚೆ ಆಂಧ್ರದ ಆದವಾನಿಯ ಒಂದು ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವ, ಮಾಟ, ಮೈಮೇಲೆ ಬರುವುದು ಎಂದು ಶುರು ಮಾಡಿದರೆ ನಾಲ್ಕು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುವುದು ನನಗೊಂದು ಖುಷಿ. ಆ ಪ್ರಶ್ನೆಗಳನ್ನು ಈಗ ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ನಾನು ಕುಡಿಯುವುದಿಲ್ಲ. ವ್ರತ ಗಿತ ಏನೂ ಅಲ್ಲ. ಕಾಲೇಜಿನಲ್ಲಿದ್ದಾಗ ಒಂದು ಗುಟುಕು ಬಿಯರು ಬಾಯಿಗೆ ಹಾಕಿ, ಕಹಿ ತಾಳದೆ ಉಗುಳಿದ್ದೆ. ಅಷ್ಟೇ. ಹೀಗಾಗಿ ಗೆಳೆಯರ ಜೊತೆ ಮದುವೆ, ಕುಬಸ ಎಂದು ಎಲ್ಲಿಗೆ ಹೋದರೂ ಕಾರು ಓಡಿಸುವ ಕೆಲಸ ನನ್ನದು.

ವೀರೇಶ ಒಂದನೇ ಕ್ಲಾಸಿನಿಂದ ನನ್ನ ಜೊತೆ ಓದಿದವನು. ಈಗ ಹತ್ತಿ ಮಿಲ್ಲೊಂದರಲ್ಲಿ ಮೇಸ್ತ್ರಿ. ಒಳ್ಳೆಯ ಮನುಷ್ಯ. ಅವನಿಗೂ ನನಗೂ ಇದ್ದ ಜಗಳ ಒಂದೇ: ಎರಡು ಬಿಯರು ಕುಡಿದ ಮೇಲೂ ಕಾರಿನ ಕೀಲಿ ಕೊಡು ಎನ್ನುತ್ತಿದ್ದ.

"ನೂರು ಮಿಲಿ ರಕ್ತದಾಗ ಮೂವತ್ತು ಮಿಲಿಗ್ರಾಂ ತನಕ ಕಾನೂನೇ ಬಿಟ್ಟೈತಿ, ಮಾಸ್ತರ. ಅಂದ್ರ ಒಂಚೂರು ಕುಡುದು ಓಡಿಸು ಅಂತ ಸರ್ಕಾರನ ಹೇಳಿದಂಗಾತಲ್ಲ?"

"ಅದು ಕೇಸು ಹಾಕಾಕ ಎಳೆದ ಗೆರಿ. ಅಲ್ಲಿತನಕ ಏನೂ ಆಗೂದಿಲ್ಲ ಅಂತ ಯಾರು ಹೇಳ್ಯಾರ? ಮೊದಲ್ನೇ ಗ್ಲಾಸಿಗೇ ಕಣ್ಣು, ಕೈ ನಿಧಾನ ಆಗ್ತಾವು."

"ಆದ್ರ ನನಗ ಗೊತ್ತಾಗೂದಿಲ್ಲೇನು?"

ಗೊತ್ತಾಗುವುದಿಲ್ಲ ಎಂದು ನಾನು ಪಾಠ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಅದನ್ನು ನಾನೂ ಪೂರ್ತಿ ನಂಬಿರಲಿಲ್ಲ. ತನ್ನ ಕೈ ತನ್ನ ಮಾತು ಕೇಳುತ್ತಿಲ್ಲ ಎನ್ನುವಷ್ಟೂ ತಿಳಿಯದೆ ಇರುತ್ತದೆಯೇ, ಎಲ್ಲ ನೆಪ ಎಂದುಕೊಂಡಿದ್ದೆ.

ಇದು ಐದಾರು ವರ್ಷದ ಹಿಂದಿನ ಮಾತು. ಚಳಿಗಾಲ. ಪತ್ತಿಕೊಂಡದಲ್ಲಿ ವೀರೇಶನ ತಂಗಿ ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶದ ಮರುದಿನ ಕುರಿ ಕೊಯ್ದು ಊಟ. ವೀರೇಶ, ಅವನ ತಾಯಿ ಈರಮ್ಮ ಮತ್ತು ನಾನು ವೀರೇಶನ ಕಾರಿನಲ್ಲಿ ಹೋದೆವು. ಊಟಕ್ಕೆ ಮೊದಲು ಗಂಡಸರು ಮನೆಯ ಹಿಂದೆ ಬೇವಿನ ಮರದ ಕೆಳಗೆ ಕೂತರು. ವೀರೇಶ ಮೂರು ಬಾಟಲಿ ಬಿಯರು ಮುಗಿಸಿದ. ನಾನು ಪಕ್ಕದಲ್ಲೇ ಕೂತು ಎಣಿಸಿದ್ದೇನೆ. ನಾನು ರೊಟ್ಟಿ, ಕುರಿ ಸಾರು ಉಂಡು, ಎರಡು ಲೋಟ ಮಜ್ಜಿಗೆ ಕುಡಿದೆ. ಅದೇ ಕೊಡದ ಮಜ್ಜಿಗೆಯನ್ನು ಈರಮ್ಮನೂ ಕುಡಿದರು, ಮನೆಯ ಸಣ್ಣ ಮಕ್ಕಳೂ ಕುಡಿದರು.

ಮಧ್ಯಾಹ್ನ ಮೂರರ ಸುಮಾರಿಗೆ ಹೊರಟೆವು. ಸ್ಟೀರಿಂಗ್ ಮುಂದೆ ನಾನು, ಪಕ್ಕದಲ್ಲಿ ವೀರೇಶ, ಹಿಂದೆ ಈರಮ್ಮ. ಹತ್ತು ಹನ್ನೆರಡು ಕಿಲೋಮೀಟರ್ ಎಂದಿನ ಹಾಗೆಯೇ ಇತ್ತು. ಆಮೇಲೆ ನನಗೆ ಕಾರಣವಿಲ್ಲದೆ ಖುಷಿಯಾಗತೊಡಗಿತು. ಹೊಲದಾಚೆಯ ಗಾಳಿಯಂತ್ರಗಳ ರೆಕ್ಕೆಗಳು ನನಗಾಗಿಯೇ ತಿರುಗುತ್ತಿವೆ ಎನ್ನಿಸಿತು. ರಸ್ತೆ ಅಗಲವಾಗಿತ್ತು, ಕೈ ಹಗುರವಾಗಿತ್ತು. ಇಪ್ಪತ್ತು ವರ್ಷದಲ್ಲಿ ನಾನು ಇಷ್ಟು ಚೆನ್ನಾಗಿ ಕಾರು ಓಡಿಸಿರಲೇ ಇಲ್ಲ ಎನ್ನಿಸಿತು. ನಾನು ಹಾಡುತ್ತಿದ್ದೇನೆ ಎಂದು ಗೊತ್ತಾದದ್ದು ಈರಮ್ಮ ಮಗನಿಗೆ ಹೇಳಿದಾಗ.

"ಲೇ ವೀರೇಶ, ಮಾಸ್ತರು ಹಾಡಾಕತ್ತ್ಯಾರ. ಯಾಕ ಕೇಳು."

ವೀರೇಶ ನನ್ನನ್ನು ನೋಡಿದ. ಅವನ ಮುಖ ನನಗೆ ಇನ್ನೂ ನೆನಪಿದೆ. ಕಣ್ಣು ಕೆಂಪಗಿರಲಿಲ್ಲ, ಮಾತು ತೊದಲುತ್ತಿರಲಿಲ್ಲ; ಈಗ ತಾನೆ ಸ್ನಾನ ಮಾಡಿ ಬಂದವನ ಹಾಗಿದ್ದ. "ಮಾಸ್ತರ, ಸಾವಕಾಶ ಹೋಗು. ನಿನಗ ಮೈಯಾಗ ಆರಾಮಿಲ್ಲೇನು?" ಎಂದ.

"ನನಗೇನಾಗೈತಿ? ಆರಾಮ ಅದೀನಿ," ಎಂದೆ. ಅದು ಕೀಲಿ ಕೇಳುವಾಗೆಲ್ಲ ಅವನು ನನಗೆ ಹೇಳುತ್ತಿದ್ದ ಮಾತು.

ದಾರಿಯ ನಡುವಿನ ಆಸ್ಪರಿ ಊರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಎದುರಿಗೆ ಒಂದು ಕುರಿ ಹಿಂಡು ರಸ್ತೆ ದಾಟುತ್ತಿತ್ತು. ನಾನು ನೋಡಿದೆ. ನಿಲ್ಲಿಸಬೇಕು ಎಂದೂ ಅಂದುಕೊಂಡೆ. ಬೇಕಾದಷ್ಟು ಜಾಗವಿದೆ, ಅವಸರವೇನು ಎಂದುಕೊಂಡು ಇನ್ನೂ ಬ್ರೇಕಿನ ಕಡೆ ಕಾಲು ಸರಿಸುತ್ತಿರುವಾಗಲೇ ವೀರೇಶ ಹ್ಯಾಂಡ್ ಬ್ರೇಕ್ ಎಳೆದ. ಕಾರು ಅಡ್ಡಡ್ಡ ಜಾರಿ ನಿಂತಿತು. ಕೊನೆಯ ಕುರಿಗೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿತ್ತು. ಕುರಿ ಕಾಯುವಾತ ಕೋಲನ್ನು ಕಾರಿನ ಮೂತಿಯ ಮೇಲಿಟ್ಟು ತೆಲುಗಿನಲ್ಲಿ ಮೆಲ್ಲಗೆ, "ಕಳ್ಳು ಲೇವಾ?" ಎಂದು ಕೇಳಿದ. ಕಣ್ಣಿಲ್ಲವೇ ಎಂದು. ನನಗೆ ನಗು ಬಂತು.

ಕೀಲಿ ತೆಗೆಯಲು ವೀರೇಶ ಕೈ ಹಾಕಿದ. ನಾನು ಬಿಡಲಿಲ್ಲ. "ನೀನು ಕುಡಿದೀದಿ, ನಾನs ಓಡಿಸ್ತೀನಿ" ಎಂದು ಜಗಳವಾಡಿ, ಕಾರು ಚಾಲೂ ಮಾಡಿ, ಮುಂದಿನ ತಿರುವಿಗೆ ಹೋದರೆ ಅಲ್ಲಿ ಪೊಲೀಸರು ನಿಂತಿದ್ದರು.

ಹೆಡ್ ಕಾನ್‌ಸ್ಟೇಬಲ್ ನಿಧಾನದ ಮನುಷ್ಯ, ಮೀಸೆ ನರೆತಿತ್ತು. ಯಂತ್ರವನ್ನು ನನ್ನ ಬಾಯಿಗೆ ಹಿಡಿದು "ಊದಂಡಿ ಸಾರ್" ಎಂದರು. ನಾನು ಎದೆಯುಬ್ಬಿಸಿ ಊದಿದೆ. ಅರವತ್ತೆಂಟು ಬಂತು. ಕಾನೂನಿನ ಗೆರೆಯ ಎರಡು ಪಟ್ಟಿಗಿಂತ ಹೆಚ್ಚು.

"ಸಾರ್, ಕುಡಿದವನು ನಾನು," ಎಂದು ವೀರೇಶ ಇಳಿದು ಬಂದ. "ಇವರು ಮಾಸ್ತರು. ಜನ್ಮದಾಗ ಮುಟ್ಟಿಲ್ಲ." ಅವನು ಹಟ ಮಾಡಿದ್ದಕ್ಕೆ ಅವನಿಂದಲೂ ಊದಿಸಿದರು. ಸೊನ್ನೆ. ಹೊಸ ಕೊಳವೆ ಹಾಕಿ ಇಬ್ಬರಿಂದಲೂ ಮತ್ತೆ ಊದಿಸಿದರು. ನನಗೆ ಅರವತ್ತಾರು, ಅವನಿಗೆ ಸೊನ್ನೆ. ಹೆಡ್ ಕಾನ್‌ಸ್ಟೇಬಲ್ ತಾವೇ ಊದಿ ನೋಡಿಕೊಂಡರು. ಸೊನ್ನೆ. ಈರಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ನಂದೂ ಒಂದ್ಸಲ ನೋಡಪಾ" ಎಂದರು. ಅವರಿಗೂ ಸೊನ್ನೆ.

ಯಂತ್ರ ಕೆಟ್ಟಿದೆ ಎಂದು ಪೊಲೀಸರು ಅಂದುಕೊಳ್ಳುವಷ್ಟರಲ್ಲಿ ಬೈಕಿನಲ್ಲಿ ತೂರಾಡುತ್ತಾ ಒಬ್ಬ ಬಂದ. ಅವನ ಲೆಕ್ಕವನ್ನು ಯಂತ್ರ ಸರಿಯಾಗಿಯೇ ತೋರಿಸಿತು. ಹೆಡ್ ಕಾನ್‌ಸ್ಟೇಬಲ್ ನನ್ನ ಮುಖ ನೋಡಿದರು. ಕೇಸಿನ ಪುಸ್ತಕ ತೆರೆದರು, ಏನೆಂದು ಬರೆಯಬೇಕೋ ತಿಳಿಯದೆ ಮುಚ್ಚಿದರು. ಕೊನೆಗೆ ಕೀಲಿಯನ್ನು ವೀರೇಶನ ಕೈಗಿಟ್ಟು, "ನಿಂದು ಸೊನ್ನೆ ಐತಪ್ಪಾ. ನೀನು ತಗೊಂಡು ಹೋಗು. ಸಾರ್‌ನ ಹಿಂದ ಕುಂದ್ರಿಸು," ಎಂದರು.

ವರ್ಷಗಟ್ಟಲೆ ನನ್ನ ಹತ್ತಿರ ಜಗಳವಾಡಿ ಕೇಳಿದ ಕೀಲಿ ಅದು. ಈಗ ಪೊಲೀಸರೇ ಕೊಟ್ಟಿದ್ದರು. ವೀರೇಶ ಹೋಗಿ ಸ್ಟೀರಿಂಗ್ ಮುಂದೆ ಕೂತ. ಕನ್ನಡಿಯಲ್ಲಿ ಹಿಂದೆ ಕೂತ ತಾಯಿಯನ್ನು ನೋಡಿದ. ಆಮೇಲೆ ಇಳಿದು ಬಂದು ಕೀಲಿಯನ್ನು ಹೆಡ್ ಕಾನ್‌ಸ್ಟೇಬಲ್‌ಗೆ ವಾಪಸ್ಸು ಕೊಟ್ಟ.

"ಬ್ಯಾಡ ಸಾರ್. ಮೂರು ಬಾಟ್ಲಿ ನನ್ನ ಕೈಯಾರ ತೆರದೀನಿ. ಮಷಿನ್‌ಗ ಗೊತ್ತಾಗಲಿಲ್ಲ ಅಂದ್ರ ಕುಡಿದಿದ್ದು ಸುಳ್ಳಾಗ್ತೈತೇನು? ನನಗೂ ಏನೂ ಆಗಿಲ್ಲ ಅನ್ನಿಸ್ತೈತಿ. ಆದ್ರ ಮಾಸ್ತರಿಗೂ ಹಂಗs ಅನ್ನಿಸಿತ್ತಲ್ರಿ, ಕುರಿ ಮುಂದ."

ಕಾರನ್ನು ಅಲ್ಲೇ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಬಿಟ್ಟು ಮೂವರೂ ಆದವಾನಿ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ನಾನು ಈರಮ್ಮನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದೆನಂತೆ. ಮನೆಯಲ್ಲಿ ಹೆಂಡತಿ ನನ್ನ ಬಾಯಿ ಮೂಸಿ ನೋಡಿದಳು. ಮಜ್ಜಿಗೆಯ ಒಗ್ಗರಣೆ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಮರುದಿನ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಎಂಟು ಗಂಟೆಗೆ ವೀರೇಶನ ಫೋನು. "ಪೊಲೀಸರ ಹತ್ರ ಕೀಲಿ ಇಸ್ಕೊಂಡು ಕಾರು ತಂದೆ. ಬೆಳ್ಳಂಬೆಳಿಗ್ಗೆ ಇಷ್ಟು ಹಗುರ ಎಂದೂ ಇರಲಿಲ್ಲ ನೋಡು. ಕುಡಿದ ಸುಖಾನೂ ಇಲ್ಲ, ತಲಿನೋವೂ ಇಲ್ಲ. ಎಲ್ಲಾ ನೀನs ತಗೊಂಡಿ," ಎಂದು ನಕ್ಕ.

ಡಾಕ್ಟರನ್ನು ಕೇಳಿದೆ. ಲಕ್ಷಕ್ಕೊಬ್ಬರಿಗೆ ಹೊಟ್ಟೆಯಲ್ಲೇ ಅನ್ನ ಹುಳಿತು ಅಮಲಾಗುವ ಕಾಯಿಲೆ ಇರುತ್ತದೆ, ಆದರೆ ಅದು ಒಂದೇ ದಿನ ಬಂದು ಹೋಗುವುದಿಲ್ಲ ಎಂದರು. ಪರೀಕ್ಷೆ ಮಾಡಿಸಿದೆ, ಏನೂ ಸಿಗಲಿಲ್ಲ. ನನ್ನದಕ್ಕೆ ಹೇಗೋ ಕಾರಣ ಹುಡುಕಿದರೂ ವೀರೇಶನ ಸೊನ್ನೆಗೆ ಏನು ಹೇಳುವುದು? ಅವನು ಈಗಲೂ ಬಿಯರು ಕುಡಿಯುತ್ತಾನೆ. ಕುಡಿಯುವ ಮೊದಲು ಕೀಲಿಯನ್ನು ಈರಮ್ಮನ ಸೊಂಟಕ್ಕೆ ಸಿಕ್ಕಿಸಿ ಬರುತ್ತಾನೆ.

ಹೋದ ವರ್ಷ ಆದವಾನಿಯ ಬಟ್ಟೆ ಅಂಗಡಿಯಲ್ಲಿ ಆ ಹೆಡ್ ಕಾನ್‌ಸ್ಟೇಬಲ್ ಸಿಕ್ಕರು. ರಿಟೈರ್ ಆಗಿದ್ದರು, ಹೆಂಡತಿಗೆ ಸೀರೆ ಕೊಡಿಸುತ್ತಿದ್ದರು. ನನ್ನನ್ನು ಗುರುತು ಹಿಡಿದು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು: "ಸಾರ್, ಈಗ ಡ್ಯೂಟಿ ಮುಗಿದೈತಿ. ನಿಜ ಹೇಳ್ರಿ. ಆವತ್ತು ಸ್ವಲ್ಪ ತಗೊಂಡಿದ್ರಿ, ಹೌದಿಲ್ಲೋ?"

ಇಲ್ಲ ಎಂದೆ. ಅವರು ತಲೆಯಾಡಿಸಿ ನಕ್ಕರು, ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.